ಮನೆ ಭೇಟಿಗೆ ಹೋಗುವ ಹೊಸಬರಿಗೆ

ಮಗುವಿನ ಮನೆ ನೋಡಿ ವರದಿ ಕೊಡಿ ಅಂತ ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯಿಂದ ಆದೇಶ ಬಂದರೆ, 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ನಿಮ್ಮ ಕೈಯಲ್ಲಿ ಇರುವುದು 15 ದಿನ. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ನಮ್ಮ ಕೇರಳದ ಕಾಸರಗೋಡಿನ ಪೈವಳಿಕೆ, ಎಣ್ಮಕಜೆ ಕಡೆಯ ಒಳಮನೆಗಳಿಗೆ ಮಳೆಗಾಲದಲ್ಲಿ ಹೋಗಿ ನೋಡಿ. ಎರಡನೇ ಸಲವೂ ಹೋಗಬೇಕಾಗುತ್ತದೆ, ಹಾಗಾಗಿ ಮೊದಲ ವಾರದಲ್ಲೇ ಹೊರಡಿ.

ಅಂಗಡಿಯಲ್ಲಿ ಮಗುವಿನ ಹೆಸರು ಹೇಳಿ ದಾರಿ ಕೇಳಬೇಡಿ. ನೀವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಮಗುವಿನ ಗುರುತು ಪೇಪರಿನಲ್ಲಿ, ಟಿವಿಯಲ್ಲಿ ಬರಬಾರದು ಅಂತ ಕಾನೂನೇ ಇದೆ, ಆದರೆ ಊರಿನಲ್ಲಿ ಅಂಗಡಿ ಜಗಲಿಗಿಂತ ದೊಡ್ಡ ಪೇಪರ್ ಯಾವುದು ಹೇಳಿ. ಜೀಪಿದ್ದರೆ ಸ್ವಲ್ಪ ದೂರ ನಿಲ್ಲಿಸಿ ನಡೆದು ಹೋಗಿ.

ಬೀಡಿ ಕಟ್ಟುವ ಮನೆಯಾದರೆ ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಡುವ ಹೊತ್ತು ತಪ್ಪಿಸಿ. ಅಮ್ಮನ ಕೆಲಸ ನಿಲ್ಲಿಸಬೇಡಿ, "ಕಟ್ಟಿ ಅಕ್ಕ, ನಾನು ಇಲ್ಲೇ ಕೂರ್ತೇನೆ" ಅಂತ ಪಕ್ಕದಲ್ಲಿ ಕೂತುಬಿಡಿ. ಮೊರ ಮಡಿಲಲ್ಲಿ, ಕಣ್ಣು ಎಲೆಯ ಮೇಲೆ ಇರುವಾಗ, ಎದುರು ಕುರ್ಚಿಯಲ್ಲಿ ಕೂರಿಸಿ ಕೇಳಿದರೆ ಬಾರದ ಮಾತು ತಾನಾಗಿ ಬರುತ್ತದೆ. ಹಾಗೇ ಮಗುವಿನ ಕೈ ಗಮನಿಸಿ. ಬೀಡಿಯ ತುದಿ ಮಡಚುವ ಕೆಲಸ ಆ ಬೆರಳುಗಳಿಗೆ ತೀರಾ ಸಲೀಸಾಗಿದ್ದರೆ ಶಾಲೆಯ ಹಾಜರಿ ಪುಸ್ತಕವನ್ನೂ ನೋಡಲೇಬೇಕು.

ವರದಿಯಲ್ಲಿ ಕಂಡದ್ದನ್ನು ಬರೆಯಿರಿ. "ಅಪ್ಪ ಬೇಜವಾಬ್ದಾರಿ" ಅಂತ ಬರೆದರೆ ಸಮಿತಿಗೆ ಏನು ಗೊತ್ತಾಗುತ್ತದೆ? "ಅಪ್ಪ ಮಂಗಳೂರಿನಲ್ಲಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬರುತ್ತಾರೆ ಎಂದು ಅಮ್ಮ ಹೇಳಿದರು", "ರೇಷನ್ ಕಾರ್ಡ್ ಹಳದಿ" (ಅಂದರೆ ಕಡುಬಡವರದು), "ಮಗು ಮಲಗುವುದು ಅಜ್ಜಿಯ ಪಕ್ಕ, ಆ ಕೋಣೆಗೆ ಚಿಲಕ ಇಲ್ಲ", ಹೀಗೆ ಬರೆಯಿರಿ. ಮನೆ ಗಲೀಜು ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ, ಬಡತನಕ್ಕೇ ಮಗುವನ್ನು ಮನೆಯಿಂದ ಕಳಿಸುವ ಹಾಗೆ ಆಗಬಾರದು.

ಮಗು ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡುತ್ತದೆ, ಫೈಲ್ ಮಲಯಾಳದಲ್ಲಿ ಇರುತ್ತದೆ. ನಿಮಗೆ ಭಾಷೆ ಬಾರದಿದ್ದರೆ ಅಂಗನವಾಡಿ ಟೀಚರನ್ನು ಕರೆಯಿರಿ. ಮನೆಯ ಮಾವನನ್ನೋ ಚಿಕ್ಕಪ್ಪನನ್ನೋ ಮಾತ್ರ ನಡುವೆ ಕೂರಿಸಬೇಡಿ. ದೂರು ಅವರ ಮೇಲೆಯೇ ಇದ್ದರೆ?

ಇನ್ನು ಕಷ್ಟದ ವಿಷಯ. ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿ ಬಿಟ್ಟರೆ ಸುಮ್ನೆ ಕೇಳಿಸಿಕೊಳ್ಳಿ. ಎಲ್ಲಿ, ಎಷ್ಟು ಸಲ, ಆಮೇಲೆ ಏನಾಯಿತು ಅಂತ ಕೆದಕಬೇಡಿ, ಅದೇ ಮಾತನ್ನು ಅದು ಮುಂದೆಯೂ ಹೇಳಬೇಕಿದೆ. ಅದರದೇ ಮಾತನ್ನು ಅದೇ ಭಾಷೆಯಲ್ಲಿ ಬರೆದುಕೊಳ್ಳಿ. "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ, ಯಾಕೆಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಲ್ಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ನಿಮ್ಮ ಮೇಲೆಯೇ ಕೇಸಾಗುತ್ತದೆ. ಹೇಳಿಕೆ ತೆಗೆದುಕೊಳ್ಳುವ ಪೊಲೀಸರು ಯೂನಿಫಾರ್ಮ್ ಹಾಕುವಂತಿಲ್ಲ, ಮನೆಯಲ್ಲೋ ಮಗುವಿಗೆ ಇಷ್ಟವಾದ ಜಾಗದಲ್ಲೋ ಕೇಳಬೇಕು, ರಾತ್ರಿ ಠಾಣೆಯಲ್ಲಿ ಕೂರಿಸುವ ಹಾಗಿಲ್ಲ. ಮರೆತವರಿಗೆ ನೀವೇ ನೆನಪಿಸಿ.

ಆ ರಾತ್ರಿ ಮಗು ಅಲ್ಲಿ ಉಳಿಯುವುದು ಅಪಾಯ ಅನ್ನಿಸಿದರೆ ವರದಿ ಆಮೇಲೆ ಬರೆಯಬಹುದು. ಅಲ್ಲಿಂದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮನೆಯಿಂದ ಕರೆತಂದ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೊರಡುವಾಗ ಶಾಲೆಯ ಚೀಲ, ಔಷಧಿ ಇದ್ದರೆ ಔಷಧಿ, ಒಂದು ಜೊತೆ ಬಟ್ಟೆ ತೆಗೆದುಕೊಳ್ಳಿ. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಮಗುವಿಗೆ ಗಾಡಿ ಹತ್ತುವ ಮೊದಲೇ ಹೇಳಿ.