ಮರಳು ಮಣ್ಣು ಅಂತ ನೇರ ನೆಲಕ್ಕೆ ಕರಿಬೇವು ಇಡಬೇಡಿ

ಫ್ಲಾರಿಡಾದಲ್ಲಿ ಹೊಸದಾಗಿ ಮನೆ ಮಾಡಿದವರಿಗೆ ಒಂದು ಮಾತು. ಮರಳಲ್ವಾ, ನೀರು ಸರ್ರನೆ ಇಳಿದುಹೋಗುತ್ತದೆ ಅಂದುಕೊಳ್ಳಬೇಡಿ. ನಾನು ಹಾಗೆ ನಂಬಿ ನೆಟ್ಟ ಕರಿಬೇವು ಮೊದಲ ಮಳೆಗಾಲದಲ್ಲೇ ಬೇರು ಕೊಳೆತು ಹೋಯಿತು. ತುಂಬಾ ಬೇಜಾರಾಯಿತು.

ನೆಡುವ ಮೊದಲು ಮೂರಡಿ ಗುಂಡಿ ತೋಡಿ ನೋಡಿ. ಮೇಲೆ ಬೂದು ಮರಳು, ಕೆಳಗೆ ಸಕ್ಕರೆಯಂಥ ಬಿಳಿ ಮರಳು, ಆಮೇಲೆ ಕಾಫಿ ಗಸಿಯಂಥ ಕಪ್ಪು ಪದರ ಕಂಡರೆ ಅದು ಬಹುಶಃ ಮಯಾಕ ಮಣ್ಣು. 1989ರಿಂದ ಇದೇ ಫ್ಲಾರಿಡಾದ ಅಧಿಕೃತ ಮಣ್ಣು! ಆ ಕಪ್ಪನ್ನು ನೋಡಿ ಫಲವತ್ತು ಅಂತ ಖುಷಿಪಡಬೇಡಿ. ಮೇಲಿನ ಕೊಳೆತ ಎಲೆಯ ಸಾರ ಅಲ್ಯೂಮಿನಿಯಂ ಜೊತೆ ಮಳೆನೀರಲ್ಲಿ ಇಳಿದು ಅಲ್ಲಿ ಕೂತಿದೆ, ಅಷ್ಟೇ. ಮಣ್ಣು ಹುಳಿ ಕೂಡ.

ನೆಲ ಚಪ್ಪಟೆ. ಹಾಗಾಗಿ ನೀರಿಗೆ ಹರಿದುಹೋಗಲು ದಾರಿಯಿಲ್ಲ. ಸಾಮಾನ್ಯವಾಗಿ ವರ್ಷಕ್ಕೆ 1ರಿಂದ 4 ತಿಂಗಳು ಅಂತರ್ಜಲ 18 ಇಂಚಿನೊಳಗೇ ಇರುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅದೇ ಮರಳು ಒಣಗಿ ಪುಡಿಪುಡಿ.

ಒಂದಡಿಗಿಂತ ಜಾಸ್ತಿ ಎತ್ತರದ ದಿಬ್ಬ ಮಾಡಿ, ಕಾಂಪೋಸ್ಟ್ ಬೆರೆಸಿ ನೆಡಿ. ಗೊಬ್ಬರ ಒಂದೇ ಸಲ ಸುರಿಯಬೇಡಿ, ಸುಮ್ನೆ ತೊಳೆದು ಹೋಗುತ್ತದೆ. ಸ್ವಲ್ಪ ಸ್ವಲ್ಪವೇ ಕೊಡಿ. ನನ್ನ ಎರಡನೇ ಗಿಡ ಈಗ ದಿಬ್ಬದ ಮೇಲೆ ಚೆನ್ನಾಗಿ ಚಿಗುರಿದೆ.