ಎರಡು ಪದರದ ಡಿವಿಡಿಯನ್ನು ಸಾದಾ ಡಿಸ್ಕಿಗೆ ಮೆನು ಸಮೇತ ಇಳಿಸಿದ್ದು: ನನ್ನ ಅನುಭವ

ಮೂರು ಗಂಟೆಯ ಸಿನಿಮಾ. ಡಿಸ್ಕಿನಲ್ಲಿ ಒಟ್ಟು 7.9 ಜಿಬಿ ಚಿಲ್ಲರೆ. ಅದನ್ನು 4.7 ಜಿಬಿಯ ಸಾದಾ ಡಿಸ್ಕಿಗೆ, ಮೆನು ಕೆಡದ ಹಾಗೆ, ದೊಡ್ಡ ಟಿವಿಯಲ್ಲೂ ಕೂತು ನೋಡುವ ಹಾಗೆ ಇಳಿಸ್ತೀನಿ ಅಂದಾಗ ಈ ಕೆಲಸ ಗೊತ್ತಿದ್ದವರೇ ನಕ್ಕರು. ಡಬಲ್ ಲೇಯರ್, ಅಂದ್ರೆ ಎರಡು ಪದರದ ಖಾಲಿ ಡಿಸ್ಕ್ ತಗೋ, ಇಲ್ಲಾಂದ್ರೆ ಎರಡು ಡಿಸ್ಕಿಗೆ ಕತ್ತರಿಸು, ಅದೂ ಬೇಡ ಅಂದ್ರೆ ಮೆನು ಆಸೆ ಬಿಡು ಅಂದರು. ಮೂರನ್ನೂ ಮಾಡಿ ನೋಡಿದವನು ನಾನು. ಈಗ ನನ್ನ ಹತ್ತಿರ ಇರುವ ದುಡ್ಡು ಕೊಟ್ಟು ಕೊಂಡ ಸಿನಿಮಾ ಡಿಸ್ಕುಗಳ ಪ್ರತಿಗಳೆಲ್ಲ ಒಂದೊಂದೇ ಡಿಸ್ಕಿನಲ್ಲಿವೆ, ನಕ್ಕವರೇ ಬಂದು ಹೇಗೆ ಅಂತ ಕೇಳ್ತಿದ್ದಾರೆ. ರಿಪ್ (ಡಿಸ್ಕಿನಿಂದ ಕಂಪ್ಯೂಟರಿಗೆ ತೆಗೆಯೋದು), ಬರ್ನ್ (ಖಾಲಿ ಡಿಸ್ಕಿಗೆ ಬರೆಯೋದು) ಎಲ್ಲ ನಿಮಗೆ ಗೊತ್ತಿರೋದೇ, ಅದನ್ನು ಬಿಟ್ಟು ಹೇಳ್ತೀನಿ.

ಮೊದಲು ದುಡ್ಡಿನ ವಿಷಯ. ಒಂದು ಒಳ್ಳೆಯ ಡಬಲ್ ಲೇಯರ್ ಡಿಸ್ಕಿನ ಬೆಲೆಗೆ ಏಳೆಂಟು ಸಾದಾ ಡಿಸ್ಕ್ ಬರುತ್ತಿದ್ದವು. ಅದನ್ನು ನಿಧಾನಕ್ಕೆ, 2.4 ಎಕ್ಸ್ ವೇಗದಲ್ಲಿ ಬರ್ನ್ ಮಾಡಿದರೂ ಸಮಾಧಾನ ಇಲ್ಲ. ಲೇಯರ್ ಬ್ರೇಕ್, ಅಂದರೆ ಒಂದು ಪದರ ಮುಗಿದು ಇನ್ನೊಂದು ಶುರುವಾಗುವ ಜಾಗ, ಒಂದು ಸೆಲ್ (ಡಿವಿಡಿಯಲ್ಲಿ ವಿಡಿಯೋದ ಚಿಕ್ಕ ತುಂಡು) ಶುರುವಾಗುವ ಕಡೆಯೇ ಬೀಳಬೇಕು, ಮೊದಲ ಪದರ ಎರಡನೆಯದಕ್ಕಿಂತ ಚಿಕ್ಕದಾಗಬಾರದು. ಡಿಸ್ಕ್ ಬರೆಯುವ ಪ್ರೋಗ್ರಾಮ್ ಇಮ್ಜ್‌ಬರ್ನ್ (ImgBurn) ಎಲ್ಲೆಲ್ಲಿ ಬ್ರೇಕ್ ಹಾಕಬಹುದು ಅಂತ ಪಟ್ಟಿ ತೋರಿಸುತ್ತದೆ ನಿಜ, ಆದರೆ ಮನೆಯ ಹಳೇ ಪ್ಲೇಯರ್ ಅದನ್ನು ಒಪ್ಪಬೇಕಲ್ಲ. ಸರಿಯಾಗಿ ಆ ಜಾಗಕ್ಕೆ ಬಂದು ನಿಂತುಬಿಡುತ್ತಿತ್ತು. ಒಂದು ಪ್ಯಾಕ್‌ನ ಅರ್ಧಕ್ಕಿಂತ ಜಾಸ್ತಿ ಕಸಕ್ಕೆ ಹೋಯಿತು. ಅಲ್ಲಿಗೆ ಡಬಲ್ ಲೇಯರ್ ಸಾಕು ಅನ್ನಿಸಿತು.

ಇನ್ನು ಒಂದೇ ಗುಂಡಿ ಒತ್ತಿದರೆ ಕುಗ್ಗಿಸಿ ಕೊಡುವ ಟ್ರಾನ್ಸ್‌ಕೋಡ್ ದಾರಿ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಸ್ವಲ್ಪವೇ ಕುಗ್ಗಿಸಬೇಕಾದ ಡಿಸ್ಕಿಗೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಮೇಲಿನ ಡಿಸ್ಕಿನ ಲೆಕ್ಕ ನೋಡಿ. ಸಿನಿಮಾದ ವಿಡಿಯೋ ಸುಮಾರು 5 ಜಿಬಿ. 448 ಕೆಬಿಪಿಎಸ್‌ನ (ಸೆಕೆಂಡಿಗೆ ಅಷ್ಟು ಕಿಲೋಬಿಟ್) ಎಸಿ3 ಆಡಿಯೋ, ಅಂದರೆ ಡಾಲ್ಬಿ ಸದ್ದು, 600 ಎಂಬಿ. ಅದೇ ಸದ್ದಿನ ಇನ್ನೊಂದು ದೊಡ್ಡ ರೂಪ, 768ರ ಡಿಟಿಎಸ್ ಟ್ರ್ಯಾಕ್ ಒಂದೇ 1 ಜಿಬಿ ದಾಟುತ್ತದೆ. ಸಿನಿಮಾ ಬಗ್ಗೆ ಮಾತಾಡುವ ಕಾಮೆಂಟರಿ ಟ್ರ್ಯಾಕ್ 260 ಎಂಬಿ, ಸಂದರ್ಶನದಂಥ ಎಕ್ಸ್‌ಟ್ರಾಗಳು ಇನ್ನೊಂದು ಜಿಬಿ. ಟ್ರಾನ್ಸ್‌ಕೋಡರ್ ಆಡಿಯೋ ಮುಟ್ಟುವುದಿಲ್ಲ, ಹಾಗಾಗಿ ಎಲ್ಲವನ್ನೂ ಇಟ್ಟುಕೊಂಡರೆ ಸಿನಿಮಾ, ಎಕ್ಸ್‌ಟ್ರಾ ಎರಡರ ವಿಡಿಯೋಗೂ ಸೇರಿ ಉಳಿಯೋದು ಸುಮಾರು 2.7 ಜಿಬಿ, ಅಂದ್ರೆ ಇದ್ದದ್ದರಲ್ಲಿ ಅರ್ಧವೂ ಇಲ್ಲ. ಕತ್ತಲೆಯ ದೃಶ್ಯ ಬಂದರೆ ಗೋಡೆ ತುಂಬ ಚೌಕಗಳು ಓಡಾಡುತ್ತವೆ. ವಿಡಿಯೋ ಮೂಲ ಗಾತ್ರದ 80 ಪರ್ಸೆಂಟಿಗಿಂತ ಕೆಳಗೆ ಹೋದರೆ ಟ್ರಾನ್ಸ್‌ಕೋಡ್ ಬೇಡ, ಇದು ನನ್ನ ಕಣ್ಣಿನ ಲೆಕ್ಕ.

ಹಾಗಾಗಿ ಮೊದಲು ಡಿಟಿಎಸ್ ಮತ್ತು ಕಾಮೆಂಟರಿಯನ್ನು ತೆಗೆದು ಹಾಕಿದೆ. ಚಿತ್ರದ ಒಂದು ಬಿಟ್ ಕೂಡ ಮುಟ್ಟದೆ 1.3 ಜಿಬಿ ಬಂತು. ಆದರೆ ಪ್ರಯೋಗದ ಡಿಸ್ಕ್ ಹಾಕಿದರೆ ಸಿನಿಮಾ ಮೂಕ! ಆಮೇಲೆ ನೋಡಿದರೆ ಡಿಸ್ಕಿನ ಮೆನುವೇ ಪ್ಲೇಯರ್‌ಗೆ ಡಿಟಿಎಸ್ ಹಾಕು ಅಂತ ಹೇಳ್ತಿದೆ, ಅಲ್ಲಿ ಡಿಟಿಎಸ್ ಎಲ್ಲಿದೆ? ಡಿವಿಡಿಯ ಒಳಗಿನ ಕಮಾಂಡ್ ತಿದ್ದುವ ಪಿಜಿಸಿಎಡಿಟ್ ಪ್ರೋಗ್ರಾಮ್ ತೆಗೆದು, ಆಡಿಯೋ ಸ್ಟ್ರೀಮ್ ಆರಿಸುವ ಕಮಾಂಡ್‌ಗಳನ್ನು ಒಂದೊಂದಾಗಿ ಹುಡುಕಿ, ಎಲ್ಲವನ್ನೂ ಎಸಿ3 ಕಡೆ ತಿರುಗಿಸಿದೆ. ಮೆನುವಿನಲ್ಲಿ ಡಿಟಿಎಸ್ ಬಟನ್ ಈಗಲೂ ಇದೆ, ಒತ್ತಿದರೆ ಎಸಿ3 ಬರುತ್ತದೆ. ಯಾರೂ ಕೇಳಿಲ್ಲ. ಇಂಥ ಪ್ರಯೋಗಕ್ಕೆಲ್ಲ ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ+ಆರ್‌ಡಬ್ಲ್ಯೂ ಬಳಸಿ, ಸುಮ್ನೆ ಸಾದಾ ಡಿಸ್ಕ್ ಸುಡಬೇಡಿ.

ಎರಡನೆಯದು ಎಕ್ಸ್‌ಟ್ರಾಗಳು. ಎಲ್ಲರೂ ಅದನ್ನು ಕಿತ್ತು ಬಿಸಾಕುತ್ತಾರೆ. ನಾನು ಹಾಫ್ ಡಿ1ಗೆ, ಅಂದರೆ ಅರ್ಧ ಅಗಲದ 352x576ಕ್ಕೆ ಇಳಿಸಿ ಒಂದೂವರೆ ಎಂಬಿಪಿಎಸ್ (ಸೆಕೆಂಡಿಗೆ ಅಷ್ಟು ಮೆಗಾಬಿಟ್) ಕೊಟ್ಟೆ. 1 ಜಿಬಿ ಇದ್ದದ್ದು 300 ಎಂಬಿಗೆ ಬಂತು. ಸಂದರ್ಶನದಲ್ಲಿ ಒಬ್ಬರು ಕುರ್ಚಿಯಲ್ಲಿ ಕೂತು ಮಾತಾಡ್ತಾರೆ, ಅದಕ್ಕೆ ಇಷ್ಟು ಸಾಕಲ್ವಾ?

ಇಷ್ಟಾದ ಮೇಲೆ ಸಿನಿಮಾಗೆ 3.7 ಜಿಬಿ ಉಳಿಯಿತು. ಮೂರು ಗಂಟೆಗೆ ಹಂಚಿದರೆ 2.75 ಎಂಬಿಪಿಎಸ್ ಆಸುಪಾಸು. ಇಲ್ಲಿಂದ ಡಿವಿಡಿ ರೀಬಿಲ್ಡರ್ ಅನ್ನೋ ಪ್ರೋಗ್ರಾಮ್. ಅದರ ಒಳಗೆ ವಿಡಿಯೋ ಕುಗ್ಗಿಸುವ ಕೆಲಸ ಎಚ್‌ಸಿ ಎನ್‌ಕೋಡರ್‌ದು, ಅದಕ್ಕೆ ದುಡ್ಡಿಲ್ಲ. ಸಿಸಿಇ ಅನ್ನೋ ಇನ್ನೊಂದು ಎನ್‌ಕೋಡರ್ ದುಬಾರಿಯಾಗಿತ್ತು, ವೇಗ ಜಾಸ್ತಿ, ಆದರೆ ಎರಡು ಪಾಸ್ (ಇಡೀ ವಿಡಿಯೋವನ್ನು ಎರಡು ಸಲ ಓದಿಸೋದು) ಆದ ಮೇಲೆ ಎರಡರ ಫ್ರೇಮ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೂ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ರೀಬಿಲ್ಡರ್ ಸಿನಿಮಾವನ್ನು ತುಂಡು ಮಾಡಿ, ಹೊಸದಾಗಿ ಎನ್‌ಕೋಡ್ ಮಾಡಿಸಿ, ಹಳೇ ಚೌಕಟ್ಟಿನಲ್ಲೇ ಮತ್ತೆ ಕೂರಿಸುವುದರಿಂದ ಮೆನು, ಅಧ್ಯಾಯ, ಸಬ್‌ಟೈಟಲ್ ಎಲ್ಲ ಇದ್ದ ಹಾಗೇ ಉಳಿಯುತ್ತವೆ. ನನ್ನ ಹಳೇ ಯಂತ್ರಕ್ಕೆ ರಾತ್ರಿಯಿಡೀ ಬೇಕಾಯಿತು. ಫ್ಯಾನ್ ಸದ್ದಿಗೆ ಮನೆಯವರು ಬೈದರು, ಅದು ಬೇರೆ ವಿಷಯ.

ಇಲ್ಲೇ ನನ್ನ ಕೈಚಳಕ ಇರೋದು. ಅಗಲ ಪರದೆಯ ಸಿನಿಮಾ, 2.35 ಅನುಪಾತದ್ದು, 576 ಗೆರೆಯ ಫ್ರೇಮಿನಲ್ಲಿ 436 ಗೆರೆ ಮಾತ್ರ ತುಂಬುತ್ತದೆ. ಉಳಿದದ್ದು ಕಪ್ಪು ಪಟ್ಟಿ. ಕಪ್ಪಿಗೆ ಬಿಟ್ ಬೇಡ ಅಂತ ನಾವು ಅಂದುಕೊಂಡಿರುತ್ತೇವೆ, ಆದರೆ ಎನ್‌ಕೋಡರ್ ನೋಡೋದು 16x16 ಬ್ಲಾಕ್‌ಗಳ ಲೆಕ್ಕದಲ್ಲಿ. ಪಟ್ಟಿಯ ಅಂಚು ಬ್ಲಾಕಿನ ನಡುವೆ ಬಿದ್ದರೆ, ಆ ಸಾಲಿನ ಪ್ರತಿ ಬ್ಲಾಕಿನಲ್ಲೂ ಒಂದು ಗಟ್ಟಿ ಗೆರೆ ಬರೆದ ಹಾಗೆ, ಅದು ಸುಮ್ನೆ ಬಿಟ್ ತಿನ್ನುತ್ತದೆ. ಎನ್‌ಕೋಡ್‌ಗೆ ಮುಂಚೆ ಚಿತ್ರವನ್ನು ತಿದ್ದುವ ಅವಿಸಿಂತ್ (AviSynth) ಸ್ಕ್ರಿಪ್ಟಿನಲ್ಲಿ ಮೇಲೆ 80, ಕೆಳಗೆ 80 ಗೆರೆ ಅಚ್ಚ ಕಪ್ಪು ಬಳಿದುಬಿಟ್ಟೆ. 80 ಅಂದರೆ ಸರಿಯಾಗಿ ಐದು ಬ್ಲಾಕ್. ಚಿತ್ರದಲ್ಲಿ ಆ ಕಡೆ ಈ ಕಡೆ ಹತ್ತತ್ತು ಗೆರೆ ಹೋಗುತ್ತದೆ, ಇದುವರೆಗೆ ಯಾರೂ ಗುರುತು ಹಿಡಿದಿಲ್ಲ. ಜೊತೆಗೆ ಚಿತ್ರದ ಮೇಲಿನ ಕಾಳುಕಾಳು ಕಡಿಮೆ ಮಾಡುವ ಹಗುರವಾದ ಡಿನಾಯ್ಸ್ ಫಿಲ್ಟರ್ ಒಂದು. ಜಾಸ್ತಿ ಹಾಕಿದರೆ ಮುಖಗಳು ಮೇಣದ ಗೊಂಬೆ ಆಗುತ್ತವೆ. ಯಾವ ಫಿಲ್ಟರ್, ಯಾವ ಮ್ಯಾಟ್ರಿಕ್ಸ್ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಕೊನೆಯ ಹೆಸರುಗಳ ಪಟ್ಟಿಯ ಬಿಟ್‌ರೇಟ್ ಇಳಿಸಿ ಜಾಗ ಉಳಿಸೋಣ ಅಂತಲೂ ನೋಡಿದೆ. ಕಪ್ಪಿನ ಮೇಲೆ ಬಿಳಿ ಅಕ್ಷರ, ಎನ್‌ಕೋಡರ್ ತಾನಾಗಿಯೇ ಅದಕ್ಕೆ ಕಡಿಮೆ ಕೊಡುತ್ತದೆ. ಲಾಭ ಅಷ್ಟಕ್ಕಷ್ಟೇ. ಇನ್ನೊಂದು, 448ರ ಆಡಿಯೋವನ್ನು 192ರ ಸ್ಟೀರಿಯೋ ಮಾಡಿದರೆ ಮೂರು ಗಂಟೆಗೆ 340 ಎಂಬಿ ಸಿಗುತ್ತದೆ. ಹೊಸ ಸಿನಿಮಾಗೆ ಬೇಡ. ಆದರೆ ಹಳೇ ಮೊನೊ ಸಿನಿಮಾಕ್ಕೆ 5.1 ಅಂತ ಬೋರ್ಡ್ ಹಾಕಿರುತ್ತಾರೆ ನೋಡಿ, ಹೆಡ್‌ಫೋನ್ ಹಾಕಿ ಕೇಳಿ, ಎಲ್ಲ ಕಡೆಯಿಂದ ಅದೇ ಸದ್ದು. ಅಲ್ಲಿ ಧೈರ್ಯವಾಗಿ ಕತ್ತರಿಸಬಹುದು.

ಬರ್ನ್ ಮಾಡುವಾಗ ಡಿಸ್ಕನ್ನು ಅಂಚಿನವರೆಗೆ ತುಂಬಬೇಡಿ. ಲೆಕ್ಕದಲ್ಲಿ ಹಿಡಿಯುತ್ತದೆ, ಆದರೆ ಅಗ್ಗದ ಡಿಸ್ಕುಗಳ ಹೊರ ಅಂಚೇ ಕಚ್ಚಾ. ಡಿಸ್ಕ್ ಒಳಗಿಂದ ಹೊರಕ್ಕೆ ತುಂಬುತ್ತದಲ್ಲ, ಸಿನಿಮಾ ಕ್ಲೈಮ್ಯಾಕ್ಸಿಗೆ ಬಂದಾಗ ನಿಲ್ಲೋದು ಅದಕ್ಕೇ. ಹಾಗಾಗಿ 4.6ಕ್ಕೇ ನಿಲ್ಲಿಸುತ್ತೇನೆ. ಹೆಸರಿಲ್ಲದ ಡಿಸ್ಕುಗಳ ಕಟ್ಟು ತಂದು ಉಳಿಸಿದ ದುಡ್ಡೆಲ್ಲ ಎರಡನೇ ಸಲ ಬರ್ನ್ ಮಾಡುವುದಕ್ಕೇ ಹೋಗಿದೆ ನನಗೆ. ಡಬ್ಬಿಯ ಮೇಲಿನ ಹೆಸರು ನಂಬಬೇಡಿ, ಇಮ್ಜ್‌ಬರ್ನ್ ತೋರಿಸುವ ತಯಾರಕರ ಕೋಡ್ ನೋಡಿ. 16 ಎಕ್ಸ್ ಡಿಸ್ಕನ್ನು 8ರಲ್ಲಿ ಬರೆಯಿರಿ. ಪ್ಲಸ್ ಡಿಸ್ಕಾದರೆ (ಡಿವಿಡಿ+ಆರ್), ಡ್ರೈವ್ ಒಪ್ಪಿದರೆ, ಬುಕ್ ಟೈಪ್, ಅಂದರೆ ಡಿಸ್ಕ್ ತಾನು ಯಾವ ಜಾತಿ ಅಂತ ಪ್ಲೇಯರ್‌ಗೆ ಹೇಳುವ ಗುರುತು, ಡಿವಿಡಿ-ರೋಮ್ ಅಂತ ಹಾಕಿ. ಹಳೇ ಪ್ಲೇಯರ್‌ಗಳು ಆಮೇಲೆ ತಕರಾರು ಮಾಡುವುದು ಕಡಿಮೆ.

ಈ ವಿಧಾನ ಸೋತಿರೋದು ಸಂಗೀತ ಕಾರ್ಯಕ್ರಮದ ಡಿಸ್ಕುಗಳಲ್ಲಿ. ಇಂಟರ್‌ಲೇಸ್ (ಗೆರೆ ಬಿಟ್ಟು ಗೆರೆ ಬರೆಯುವ) ವಿಡಿಯೋ, ಪರದೆ ತುಂಬ ಚಿತ್ರ, ಕಪ್ಪು ಪಟ್ಟಿ ಇಲ್ಲ, ಕ್ಷಣಕ್ಷಣಕ್ಕೂ ಮಿನುಗುವ ಲೈಟು, ಹೊಗೆ. ಅದರ ಮೇಲೆ ಡಿಟಿಎಸ್ ಬಿಡುವುದಕ್ಕೂ ಮನಸ್ಸು ಬರಲ್ಲ, ಅದನ್ನು ಕೇಳೋದಕ್ಕೇ ತಾನೇ ಕೊಂಡಿದ್ದು. ಅಂಥದನ್ನು ಹಾಡುಗಳ ನಡುವೆ ಕತ್ತರಿಸಿ ಎರಡು ಡಿಸ್ಕಿಗೆ ಹಾಕ್ತಿದ್ದೇನೆ.