ಮುಚ್ಚಳ ತೆಗೆಯದ ಮೂರು ದಿನ

ನಮ್ಮದು ಬೆಂಗಳೂರಿನ ಉಲ್ಲಾಳು ಕಡೆ ಒಂದು ಚಿಕ್ಕ ಮನೆ. ತಾರಸಿಯ ಮೂಲೆಯಲ್ಲಿ ಕೋಳಿಗೂಡು ಇದೆ. ಇಲ್ಲಿಯವರೆಗೆ ಮೂರು ಸಲ ಮನೆಯಲ್ಲೇ ಮೊಟ್ಟೆ ಕಾವಿಗಿಟ್ಟು ಮರಿ ಮಾಡಿಸಿದ್ದೇನೆ. ಮೊದಲ ಸಲ 12 ಮೊಟ್ಟೆಗೆ ಉಳಿದಿದ್ದು ಒಂದೇ ಮರಿ. ಮೂರನೇ ಸಲ 12ಕ್ಕೆ 9. ನಡುವೆ ನಾನು ಏನು ಬದಲಾಯಿಸಿದೆ ಅನ್ನೋದನ್ನ ಹೇಳುತ್ತೇನೆ.

ಕಾವು ಕೂರುವ ಹ್ಯಾಟೆ ಇದ್ದರೆ ಇದ್ಯಾವುದೂ ಬೇಡ. ಮಾಗಡಿ ಹತ್ತಿರದ ನಮ್ಮ ದೊಡ್ಡಮ್ಮ ಮಂಕರಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಚೂರು ಇಟ್ಟು, ಕೋಳಿ ಕೂರಿಸಿಬಿಡುತ್ತಾರೆ. 21 ದಿನಕ್ಕೆ ಮರಿ. ನನ್ನ ಹತ್ತಿರ ಆಗ ಕೋಳಿಯೇ ಇರಲಿಲ್ಲ. ಅದಕ್ಕೆ ಥರ್ಮಾಕೋಲ್ ಡಬ್ಬದಲ್ಲಿ ಕಾವು ಪೆಟ್ಟಿಗೆ ಮಾಡಿಕೊಂಡೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್, ಕಂಪ್ಯೂಟರಿನ ಸಣ್ಣ ಫ್ಯಾನ್, ತೇವಾಂಶ ತೋರಿಸುವ ಮೀಟರ್ ಸಿಕ್ಕಿತು. ಬಿಸಿಗೆ 40 ವ್ಯಾಟಿನ ಹಳೇ ಥರದ ಬಲ್ಬ್. ಎಲ್‌ಇಡಿ ಬಲ್ಬ್ ಇದಕ್ಕೆ ಆಗಲ್ಲ, ಅದರಲ್ಲಿ ಶಾಖ ಸಾಲದು. ಮುಚ್ಚಳದಲ್ಲಿ ಒಂದು ಗಾಜು, ಪಕ್ಕಗಳಲ್ಲಿ ಗಾಳಿಗೆ ನಾಲ್ಕು ತೂತು.

ಮೊಟ್ಟೆ ದೊಡ್ಡಮ್ಮನ ಮನೆಯದೇ. ಅಂಗಡಿಯ ಫಾರಂ ಮೊಟ್ಟೆ ಕಾವಿಗಿಟ್ಟು ಪ್ರಯೋಜನವಿಲ್ಲ, ಅಲ್ಲಿ ಹುಂಜನೇ ಇರುವುದಿಲ್ಲ. ಒಂದು ವಾರದ ಒಳಗೆ ಇಟ್ಟ ಮೊಟ್ಟೆ ಆರಿಸಿ, ತೊಳೆಯದೆ, ಫ್ರಿಜ್ಜಿಗೂ ಹಾಕದೆ, ಟ್ರೇಯಲ್ಲಿ ಚೂಪು ತುದಿ ಕೆಳಗೆ ಮಾಡಿ ಜೋಡಿಸಿಕೊಂಡು ಬಸ್ಸಿನಲ್ಲಿ ತೊಡೆ ಮೇಲಿಟ್ಟು ತಂದೆ. ಅಷ್ಟು ಕುಲುಕಿದ ಮೊಟ್ಟೆಯನ್ನು ಕೂಡಲೇ ಬಿಸಿಗೆ ಇಡಬಾರದು. ಒಂದು ರಾತ್ರಿ ಅಲುಗಾಡಿಸದೆ ಬಿಡಬೇಕು.

ಮೊದಲ ಸಲ ಆದ ದೊಡ್ಡ ತಪ್ಪು ಸೆನ್ಸರಿನದು. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಇರಬೇಕು. ನನ್ನ ಥರ್ಮೋಸ್ಟಾಟ್ ಹಗಲೂ ರಾತ್ರಿ 37.5 ಅಂತಲೇ ತೋರಿಸುತ್ತಿತ್ತು. ಆದರೆ ಸೆನ್ಸರನ್ನು ಬಲ್ಬಿನ ಹತ್ತಿರ ನೇತು ಹಾಕಿದ್ದೆ. ಕೆಳಗೆ ಮೊಟ್ಟೆ ಇದ್ದ ಕಡೆ ಅದಕ್ಕಿಂತ ಒಂದು ಡಿಗ್ರಿಗೂ ಜಾಸ್ತಿ ಕಡಿಮೆ. ಅಷ್ಟು ಸಾಕು, ಮರಿ ತಡವಾಗುತ್ತೆ, ಬಲವಿಲ್ಲದೆ ಹುಟ್ಟುತ್ತೆ. ನನಗೆ ಮೊದಲ ಮರಿಯ ಸದ್ದು ಕೇಳಿಸಿದ್ದು 23ನೇ ದಿನ. ಈಗ ಸೆನ್ಸರ್ ಮೊಟ್ಟೆಯ ಮಟ್ಟದಲ್ಲೇ ಇರುತ್ತೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಈ ಸೆನ್ಸರನ್ನೂ ಒಂದೇ ಲೋಟ ಬೆಚ್ಚಗಿನ ನೀರಿಗೆ ಅದ್ದಿ, ಎರಡೂ ಒಂದೇ ಅಂಕಿ ತೋರಿಸುತ್ತವಾ ಅಂತ ನೋಡಿದ ಮೇಲೆಯೇ ಮೊಟ್ಟೆ ಇಡುತ್ತೇನೆ.

ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸಬೇಕು, ಇಲ್ಲದಿದ್ದರೆ ಒಳಗಿನ ಮರಿ ಪೊರೆಗೆ ಅಂಟಿಕೊಳ್ಳುತ್ತೆ. ಪೆನ್ಸಿಲಿನಲ್ಲಿ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಇಂಟು ಮಾರ್ಕು ಹಾಕಿಕೊಂಡರೆ ಗೊಂದಲ ಇರಲ್ಲ. ಏಳನೇ ದಿನ ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ದಪ್ಪ ತುದಿ ಇಟ್ಟು ನೋಡಿದೆವು. ಚಿಪ್ಪಿಡೀ ಕೆಂಪಗೆ ಬೆಳಗಿತು. ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡದ ಕಾಲಿನಂತೆ ಹರಡಿದ ರಕ್ತನಾಳ. ಚುಕ್ಕೆ ಸಣ್ಣಗೆ ಅಲುಗಿತು. ಮಗಳು ಉಸಿರು ಬಿಗಿ ಹಿಡಿದು "ಅಮ್ಮಾ, ಅದು ಕುಣೀತಿದೆ" ಅಂದಳು. ಏನೂ ಕಾಣದೆ ಬರೀ ಹಳದಿಯಾಗಿ ಬೆಳಗಿದರೆ ಅದು ಜೊಳ್ಳು. ರಕ್ತ ಬಳೆಯಂತೆ ಸುತ್ತಿಕೊಂಡಿದ್ದರೆ ಒಳಗಿನದು ಸತ್ತಿದೆ. ಅಂಥವನ್ನು ಅವತ್ತೇ ತೆಗೆಯಬೇಕು. ಕೊಳೆತು ಒಡೆದರೆ ಉಳಿದವೂ ಕೆಡುತ್ತವೆ.

ಕರೆಂಟ್ ಹೋದರೆ ಗಾಬರಿ ಬೇಡ. ಒಂದು ಸಂಜೆ ಮೂರು ಗಂಟೆ ಹೋಗಿತ್ತು. ಬಿಸಿನೀರಿನ ಎರಡು ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟು, ಗಾಳಿಯ ತೂತುಗಳನ್ನು ಬಿಟ್ಟು ಮೇಲೆ ಕಂಬಳಿ ಹೊದಿಸಿದೆ. ಏನೂ ಆಗಲಿಲ್ಲ. ಕಾವು ಕೂತ ಕೋಳಿಯೂ ಮೇಯಲು, ನೀರು ಕುಡಿಯಲು ಎದ್ದು ಹೋಗುತ್ತೆ ಅಲ್ವಾ.

ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದು ತೇವಾಂಶ. ಮೊದಲ 18 ದಿನ ನೂರಕ್ಕೆ 50ರ ಆಸುಪಾಸು, ಕೊನೆಯ ಮೂರು ದಿನ 65ರಿಂದ 70 ಇರಬೇಕು. ಬೆಂಗಳೂರಿನ ಫೆಬ್ರವರಿ–ಮಾರ್ಚಿನ ಮಧ್ಯಾಹ್ನ ಗಾಳಿ ಒಣಗಿ ಹೋಗಿರುತ್ತೆ, ಒಂದು ಬಟ್ಟಲು ನೀರು ಸಾಲದು. ಮಳೆಗಾಲದಲ್ಲಿ ಬಟ್ಟಲೇ ಬೇಡ. ಅಗ್ಗದ ಮೀಟರ್ ನಂಬುವ ಬದಲು ಅಡುಗೆಮನೆಯ ತಕ್ಕಡಿ ನಂಬಿದೆ. ಕಾವಿಗಿಟ್ಟ ದಿನದಿಂದ 18ನೇ ದಿನಕ್ಕೆ ಮೊಟ್ಟೆಯ ತೂಕ ನೂರಕ್ಕೆ 12–13 ಪಾಲು ಇಳಿಯಬೇಕು. 42 ಗ್ರಾಂ ಇದ್ದ ನಾಟಿ ಮೊಟ್ಟೆ 37ಕ್ಕೆ ಬಂದಿದ್ದರೆ ಸರಿ. ಬೇಗ ಇಳಿಯುತ್ತಿದ್ದರೆ ನೀರಿನ ಅಗಲ ಹೆಚ್ಚಿಸಬೇಕು, ನಿಧಾನವಾದರೆ ಕಡಿಮೆ ಮಾಡಬೇಕು.

18ನೇ ದಿನಕ್ಕೆ ಹೊರಳಿಸುವುದು ನಿಲ್ಲಿಸಿ, ಒದ್ದೆ ಸ್ಪಂಜು ಇಟ್ಟು, ಮುಚ್ಚಳ ಹಾಕಬೇಕು. ಆಮೇಲೆ ತೆಗೆಯಬಾರದು. ಮೊದಲ ಸಲ ಇಲ್ಲೇ ಸೋತೆ. ಒಂದು ಮೊಟ್ಟೆಯಲ್ಲಿ ಸಾಸಿವೆಯಷ್ಟು ತೂತು ಬಿದ್ದು, ಒಳಗಿಂದ ಚಿಂವ್ ಚಿಂವ್ ಅಂತ ಕೇಳುತ್ತಿತ್ತು. ಆರು ಗಂಟೆ ಕಳೆದರೂ ತೂತು ಹಾಗೇ ಇತ್ತು. ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಿದೆ. ತೆಗೆದಾಗಲೆಲ್ಲ ತೇವ ಹೊರಗೆ ಹೋಗಿ, ಬಿಳಿ ಪೊರೆ ಒಣಗಿ ಕಾಗದದಂತಾಗಿ ಮರಿಗೆ ಅಂಟಿಕೊಂಡಿತು. ತಡೆಯಲಾರದೆ ಉಗುರಿನಿಂದ ಚಿಪ್ಪು ಬಿಡಿಸಿದೆ. ಪೊರೆ ಹರಿದ ಕಡೆ ಕೆಂಪು ರಕ್ತ ಜಿನುಗಿತು. ಹೊಕ್ಕುಳಲ್ಲಿ ಹಳದಿ ಇನ್ನೂ ಹೊರಗೇ ಇತ್ತು. ಮರಿ ನನ್ನ ಅಂಗೈಯಲ್ಲೇ ಹೋಯಿತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಫೋನಿನಲ್ಲಿ ದೊಡ್ಡಮ್ಮ, "ಕೋಳಿ ಯಾವತ್ತಾದ್ರೂ ಮೊಟ್ಟೆ ಒಡೆದು ಮರಿ ತೆಗೀತದಾ? ಸುಮ್ನೆ ಕೂತಿರ್ತದೆ ಕಣವ್ವ" ಅಂದರು. ತೂತು ಬಿದ್ದ ಮೇಲೆ ಮರಿ ಸುಮ್ಮನಿರುವುದು ಸೋತಿದ್ದಕ್ಕಲ್ಲ. ಆ ಹೊತ್ತಿನಲ್ಲಿ ಪೊರೆಯ ನಾಳಗಳ ರಕ್ತವನ್ನೂ ಉಳಿದ ಹಳದಿಯನ್ನೂ ಒಳಕ್ಕೆ ಎಳೆದುಕೊಳ್ಳುತ್ತಿರುತ್ತೆ. ಇದಕ್ಕೆ ಒಂದು ಹಗಲು ಒಂದು ರಾತ್ರಿ ಹಿಡಿಯಬಹುದು. ಆ ಹಳದಿಯಿಂದಲೇ ಹುಟ್ಟಿದ ಮರಿ ಎರಡು ದಿನ ಮೇವು, ನೀರು ಇಲ್ಲದೆ ಇರಬಲ್ಲದು. ಹಾಗಾಗಿ ಮೊದಲು ಹುಟ್ಟಿದ್ದನ್ನು ಎತ್ತಿಕೊಳ್ಳುವ ಆತುರವೂ ಬೇಡ.

ಮೂರನೇ ಸಲ ಗಾಜಿನ ಮೇಲೆ ಟವೆಲ್ ಹಾಕಿಬಿಟ್ಟೆ. 21ನೇ ದಿನ ಬೆಳಗಿನ ಜಾವ ಟವೆಲ್ ಸರಿಸಿದರೆ ಐದು ಮರಿ. ಎರಡರ ಪುಕ್ಕ ಆಗಲೇ ಒಣಗಿ ಉಬ್ಬಿತ್ತು, ಉಳಿದವು ಒದ್ದೆ. ಸಂಜೆಗೆ ಒಂಬತ್ತಾಯಿತು. ಪುಕ್ಕ ಪೂರ್ತಿ ಒಣಗಿದ ಮೇಲೆಯೇ ಹೊರಗೆ ತೆಗೆದೆ.

ಮರಿ ಇರಲು ದೊಡ್ಡ ರಟ್ಟಿನ ಪೆಟ್ಟಿಗೆ. ಬರೀ ಪೇಪರ್ ಹಾಸಿದರೆ ಕಾಲು ಜಾರಿ ಅಗಲವಾಗಿ ಊನವಾಗುತ್ತೆ, ಅದಕ್ಕೆ ಗೋಣಿಚೀಲ ಹಾಸಿದೆ. ವಾರದ ನಂತರ ಭತ್ತದ ಹೊಟ್ಟು. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬಂದೆ. ಮರಿಗಳೇ ಥರ್ಮಾಮೀಟರ್. ಬಲ್ಬಿನಡಿ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಬಾಯಿ ತೆರೆದು ಮೂಲೆಗೆ ಓಡಿದ್ದರೆ ಸೆಕೆ. ಬಲ್ಬ್ ಎರಡಿರಲಿ. ಒಂದು ರಾತ್ರಿಯಲ್ಲಿ ಸುಟ್ಟುಹೋದರೂ ಇನ್ನೊಂದು ಕಾಯುತ್ತೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿಸಿದೆ, ಇಲ್ಲದಿದ್ದರೆ ಬಿದ್ದು ಮುಳುಗುತ್ತವೆ. ಮೇವು ಮರಿಗಳ ಸ್ಟಾರ್ಟರ್, ಜೊತೆಗೆ ಸ್ವಲ್ಪ ಅಕ್ಕಿನುಚ್ಚು. ನುಚ್ಚೊಂದನ್ನೇ ಹಾಕಿದರೆ ಬೆಳೆಯಲ್ಲ.

ಲಸಿಕೆ ಮಾತ್ರ ತಪ್ಪಿಸಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಗೂಡಿಗೆ ಗೂಡೇ ಖಾಲಿ. ಪಶುವೈದ್ಯರು ಹೇಳಿದಂತೆ ಏಳನೇ ದಿನ ಅದರ ಲಸಿಕೆ ಕಣ್ಣಿಗೆ ಒಂದು ಹನಿ, 14ನೇ ದಿನ ಗುಂಬೊರೊ ಅನ್ನೋ ಇನ್ನೊಂದು ಕೋಳಿ ರೋಗದ ಲಸಿಕೆ, 28ನೇ ದಿನ ಮತ್ತೆ ಕೊಕ್ಕರೆ ರೋಗದ್ದು ಹಾಕಿಸಿದೆ. ಬಾಟಲಿಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲೇ ತರಬೇಕು. ನಾಲ್ಕಾರು ಮರಿಗೆ ಆಗುವಷ್ಟು ಚಿಕ್ಕ ಬಾಟಲಿ ಸಿಗುವುದಿಲ್ಲ, ಕಲಸಿದ್ದನ್ನು ಮರುದಿನಕ್ಕೆ ಇಡುವಂತೆಯೂ ಇಲ್ಲ. ಹಿಂದಿನ ಬೀದಿಯಲ್ಲಿ ಕೋಳಿ ಸಾಕುವ ಇಬ್ಬರಿಗೆ ಮೊದಲೇ ಹೇಳಿ, ಒಂದೇ ದಿನ ಎಲ್ಲರ ಮರಿಗೂ ಹಾಕಿಸಿಕೊಂಡೆವು.

ಒಂಬತ್ತರಲ್ಲಿ ನಾಲ್ಕು ಹುಂಜ. ಕೂಗು ಶುರುವಾಗುತ್ತಿದ್ದಂತೆ ಅವನ್ನು ದೊಡ್ಡಮ್ಮನ ಮನೆಗೆ ಬಿಟ್ಟುಬಂದೆ. ಹ್ಯಾಟೆಗಳು ಐದೂ ತಾರಸಿಯಲ್ಲಿವೆ. ಅದರಲ್ಲೊಂದು ಕಂದು ಹ್ಯಾಟೆ ಮೂರು ದಿನದಿಂದ ಗೂಡು ಬಿಟ್ಟು ಏಳುತ್ತಿಲ್ಲ, ಕೈ ಹತ್ತಿರ ತಂದರೆ ಪುಕ್ಕ ಕೆದರಿ ಕೊರ್ರ್ ಅನ್ನುತ್ತಿದೆ. ನಾಳೆ ಮಾಗಡಿಗೆ ಹೋಗಿ ಹುಂಜ ಬಿದ್ದ ಮೊಟ್ಟೆ ತಂದು ಇದರ ಕೆಳಗೆ ಇಡುತ್ತೇನೆ.